ಕೋಣೆಯಲ್ಲಿ ಒಬ್ಬನೇ ಇರತಕ್ಕದ್ದು

ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಅದಿರಿನ ಲಾರಿ ತೂಗುವ ಹಂಪೇಶನಿಗೆ ಯಾರ ದನಿಯನ್ನಾದರೂ ಇದ್ದಂತೆಯೇ ಎತ್ತುವ ವಿದ್ಯೆ ಹುಟ್ಟಿನಿಂದ ಬಂದಿತ್ತು. ಓದಿದ್ದನ್ನು ತಲೆಯಲ್ಲಿ ಉಳಿಸಿಕೊಳ್ಳುವ ವಿದ್ಯೆ ಮಾತ್ರ ಬಂದಿರಲಿಲ್ಲ. ಲಾರಿ ಡ್ರೈವರುಗಳ ಕೆಮ್ಮಿರಲಿ, ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ 'ಕಂಪ್ಲೀ ಕಂಪ್ಲೀ ಕಂಪ್ಲೀ' ಎಂದು ಮೂಗಿನಲ್ಲೇ ಊರು ಮಾರುವ ಕಂಡಕ್ಟರಿರಲಿ, ಒಮ್ಮೆ ಕಿವಿಗೆ ಬಿದ್ದರೆ ಅವನ ಗಂಟಲಿಗೆ ಇಳಿದುಬಿಡುತ್ತಿತ್ತು. ಕಂಪ್ಯೂಟರ್ ನೆಟ್‌ವರ್ಕಿನ ದಪ್ಪ ಪುಸ್ತಕಕ್ಕೆ ದನಿಯೇ ಇರಲಿಲ್ಲ. ಹಾಗಾಗಿ ಅದು ಎಲ್ಲಿಗೂ ಇಳಿಯಲಿಲ್ಲ.

ಇಳಿಸದೆ ಗತಿಯಿರಲಿಲ್ಲ. ತಿಂಗಳ ಕೊನೆಗೆ ತೂಕದ ಕಾಟಾಕ್ಕೆ ತಾನೇ ತೂಗಿ ತಾನೇ ಚೀಟಿ ಕೊಡುವ ಯಂತ್ರ ಬರುವುದಿತ್ತು. ಆಫೀಸಿನ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಈಶ್ವರ್ ಸರ್ ಅವನನ್ನು ಕರೆದು ಒಂದೇ ಮಾತಿನಲ್ಲಿ ಮುಗಿಸಿದ್ದರು: "ನೆಟ್‌ವರ್ಕ್ ಸರ್ಟಿಫಿಕೇಟ್ ತಂದ್ಯಪಾ, ನನ್ನ ಡಿಪಾರ್ಟ್‌ಮೆಂಟಿನ್ಯಾಗ ಕುಂದ್ರಸ್ತೀನಿ. ತರ್ಲಿಲ್ಲಾ, ಹಳೇ ಕಾಟಾದ ಜೋಡಿ ನೀನೂ ಗುಜರಿಗೆ."

ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ಡುಮ್ಕಿ ಹೊಡೆದಾಗಿತ್ತು. ಮೂರನೆಯದೇ ಕೊನೆಯದು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಬರೆಯುವಂಥದ್ದು. ಕಮಲಾಪುರದ ತನ್ನ ಮನೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆಂದು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿದ್ದ ಅಕ್ಕ ರೇಣುಕಾದೇವಿಯ ಮನೆಗೆ ಒಂದು ವಾರ ಮೊದಲೇ ಬಂದು ಬೀಡುಬಿಟ್ಟ.

"ಸರ್ಟಿಫಿಕೇಟಿಗೆ ಇಷ್ಟು ಒದ್ದಾಡ್ತಾರೇನಲೇ? ನಾಡಕಚೇರ್ಯಾಗ ಅರ್ಜಿ ಒಗದ್ರ ಮನಿಗೇ ಬರ್ತೈತಿ," ಎಂದಳು ಅಕ್ಕ.

"ಅದು ಜಾತಿದು ಅಕ್ಕಾ. ಇದು ನೆಟ್‌ವರ್ಕಿಂದು."

"ಇದ್ರಾಗ ಜಾತಿ ಇಲ್ಲೇನು?"

"ಐತಿ. ವಿಳಾಸದಾಗ ನಾಕನೇ ವರ್ಷನ್, ಆರನೇ ವರ್ಷನ್ ಅಂತ. ಒಂದಕ್ಕೊಂದು ಮಾತಾಡಂಗಿಲ್ಲ."

"ಮತ್ತ ಅದನ್ನೂ ನಾಡಕಚೇರ್ಯಾಗ ಕೊಡಬೇಕಿತ್ತು ನೋಡು," ಎಂದು ಅಕ್ಕ ಒಗ್ಗರಣೆ ಹಾಕಿದಳು.

ಎರಡು ದಿನ ಅವನು ಪುಸ್ತಕ ಹಿಡಿದು ತೂಕಡಿಸಿದ್ದನ್ನು ನೋಡಿದ ಮೇಲೆ ದಾರಿ ತೋರಿಸಿದವಳೂ ಅವಳೇ. "ಓದಬ್ಯಾಡ ಬಿಡೋ ಮಾರಾಯ. ಆ ಪುಸ್ತಕದಾಗಿರೋರ್ನ ಮಾತಾಡ್ಸು. ನಿಂಗ ಬರೋದು ಅದೊಂದಾ ಅಲ್ಲೇನು?"

ಅಲ್ಲಿಂದ ಪುಸ್ತಕಕ್ಕೆ ಬಾಯಿ ಬಂತು. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಸರ್ವರ್, ಕಂಪ್ಲಿಯ ಸೋದರತ್ತೆ ಯಲ್ಲಕ್ಕನಾಯಿತು. "ಯಾರ ಮನಿ ಬೇಕಪಾ? ನೀ ಇಲ್ಲೇ ಕುಂದ್ರು. ನಂಗ ಗೊತ್ತಿದ್ರ ಹೇಳ್ತೀನಿ, ಇಲ್ಲಂದ್ರ ಪಕ್ಕದ್ಮನಿ ಹುಸೇನಮ್ಮನ್ನ ಕೇಳ್ಕಂಡು ಬರ್ತೀನಿ." ಬಂದ ಕಂಪ್ಯೂಟರುಗಳಿಗೆಲ್ಲ ತಾತ್ಕಾಲಿಕ ನಂಬರು ಹಂಚುವ ಸರ್ವರ್, ಹಂಪಿ ರಸ್ತೆಯ ಲಾಡ್ಜಿನ ಮ್ಯಾನೇಜರ್ ಮೈಲಾರಲಿಂಗಪ್ಪನವರಾದರು. "ರೂಂ ನಂಬರ್ ಹದಿನಾಕು, ಒಂದು ದಿನಕ್ಕಷ್ಟಾ. ಇನ್ನೂ ಇರೋದಿದ್ರ ಅರ್ಧ ದಿನ ಕಳಿತಿದ್ದಂಗ ಬಂದು ಕೇಳ್ರಿ, ಕಡೀಗಳಿಗ್ಯಾಗ ಬಾಗ್ಲಾ ಬಡೀಬ್ಯಾಡ್ರಿ." ಬೇಡದವರನ್ನು ಒಳಗೆ ಬಿಡದ ಫೈರ್‌ವಾಲು, ಡ್ಯಾಂ ಗೇಟಿನ ವಾಚ್‌ಮನ್ ಮಾರೆಪ್ಪನಾಯಿತು. "ಲಿಸ್ಟಿನ್ಯಾಗ ಹೆಸರೈತಾ? ಇಲ್ಲಾ? ಮತ್ತ ಮಾತಿಲ್ಲ. ನಡಿ, ನಡಿ." ಐದೇ ದಿನಕ್ಕೆ ಇಡೀ ಪುಸ್ತಕ ಹಂಪೇಶನ ನಾಲಿಗೆಯ ಮೇಲೆ ಬಂದು ಸಂಸಾರ ಹೂಡಿತು. ಅಕ್ಕ ಅಡುಗೆಮನೆಯಿಂದ ಪ್ರಶ್ನೆ ಎಸೆಯುವಳು, ಕೋಣೆಯಿಂದ ಮೂವರಲ್ಲಿ ಒಬ್ಬರು ಉತ್ತರ ಎಸೆಯುವರು. ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ.

ಶನಿವಾರ ಬಂತು. ಲ್ಯಾಪ್‌ಟಾಪಿನೊಳಗಿಂದ ಒಬ್ಬ ಮೇಡಂ ದನಿ ಬಂತು. ಮುಖವಿಲ್ಲ, ಊರಿಲ್ಲ, ಬರೀ ದನಿ. ಕ್ಯಾಮೆರಾದಲ್ಲಿ ನೋಡುತ್ತ ಪರೀಕ್ಷೆ ಕಾಯುವುದು ಆಕೆಯ ಕೆಲಸ. ಆಕೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಅವನು ಉತ್ತರಿಸಿದ್ದು ತನ್ನ ಹರಕು ಇಂಗ್ಲಿಷಿನಲ್ಲಿ. ನಮ್ಮ ಅನುಕೂಲಕ್ಕೆ ಕನ್ನಡಕ್ಕೆ ಇಳಿಸಿಕೊಂಡರೆ ಹೀಗೆ: "ಮಾನ್ಯ ಅಭ್ಯರ್ಥಿಗಳೇ, ಕೋಣೆಯಲ್ಲಿ ತಾವು ಒಬ್ಬರೇ ಇರತಕ್ಕದ್ದು. ಮಾತನಾಡತಕ್ಕದ್ದಲ್ಲ. ತುಟಿ ಅಲುಗಿಸತಕ್ಕದ್ದಲ್ಲ. ಬೇರೆಯವರು ಕಂಡರೆ ಅಥವಾ ಕೇಳಿಸಿದರೆ ಪರೀಕ್ಷೆ ರದ್ದಾಗತಕ್ಕದ್ದು."

ಹಂಪೇಶ ತಲೆಯಾಡಿಸಿದ. ಅಕ್ಕನಿಗೆ ಒಳಗೆ ಕಾಲಿಡಕೂಡದೆಂದು ಮೊದಲೇ ತಾಕೀತು ಮಾಡಿ, ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದ.

ಮೊದಲ ಪ್ರಶ್ನೆಯೇ ಹೆಸರು-ವಿಳಾಸದ್ದು. ಅವನು ಮನಸ್ಸಿನಲ್ಲೇ ಅತ್ತೆಯನ್ನು ಕರೆದ. ಅತ್ತೆ ಬರಲಿಲ್ಲ. ಇನ್ನೊಮ್ಮೆ ಕರೆದ. ಜೀವಮಾನದಲ್ಲಿ ಬಾಯಿ ಮುಚ್ಚಿ ಗೊತ್ತಿಲ್ಲದ ಯಲ್ಲಕ್ಕ ಬಾಯಿ ಮುಚ್ಚಿದವನ ತಲೆಯೊಳಕ್ಕೆ ಹೇಗೆ ಬಂದಾಳು? ಗಡಿಯಾರ ಓಡುತ್ತಿತ್ತು. ತುಟಿಯನ್ನು ಕೂದಲೆಳೆಯಷ್ಟೇ ತೆರೆದ. ಅಷ್ಟು ಸಂದಿಯಲ್ಲೇ ಕಂಪ್ಲಿ ಇಡಿಯಾಗಿ ನುಗ್ಗಿತು: "ಯಾರ ಮನಿ ಬೇಕಪಾ?"

"ಅಭ್ಯರ್ಥಿಗಳೇ, ಕೋಣೆಯಲ್ಲಿ ಒಬ್ಬ ವಯಸ್ಸಾದ ಮಹಿಳೆ ಇದ್ದಾರೆ."

"ಯಾರೂ ಇಲ್ರೀ ಮೇಡಂ!"

ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ, ಮಂಚದ ಕೆಳಗೆ, ಅಕ್ಕನ ಬೀರುವಿನ ಒಳಗೆ ತೋರಿಸಿದ. ಬೀರುವಿನಲ್ಲಿ ಸೀರೆಗಳಿದ್ದವು, ಮಹಿಳೆಯಿರಲಿಲ್ಲ. ಮೇಡಂ ಒಂದನೇ ಎಚ್ಚರಿಕೆ ಕೊಟ್ಟು ಮುಂದುವರಿಯಲು ಬಿಟ್ಟಳು. ಏಳನೇ ಪ್ರಶ್ನೆಗೆ ಮೈಲಾರಲಿಂಗಪ್ಪನವರು ತಡೆಯಲಾರದೆ ರೂಂ ನಂಬರ್ ಹೇಳಿದರು, ಅವರ ಬೆನ್ನಿಗೇ ಮಾರೆಪ್ಪ ಗದರಿದ.

"ಎರಡನೇ ಎಚ್ಚರಿಕೆ. ಈಗ ಇಬ್ಬರು ಗಂಡಸರೂ ಸೇರಿಕೊಂಡಿದ್ದಾರೆ. ಮೂವರನ್ನೂ ಹೊರಗೆ ಕಳಿಸಿ. ಇಲ್ಲವಾದರೆ ಪರೀಕ್ಷೆ ರದ್ದು."

"ಮೂವರೂ ನಾನೇ ಮೇಡಂ! ನಾನೇ ಅತ್ತಿ, ನಾನೇ ಮ್ಯಾನೇಜರು..."

"ತಾವು ಅಭ್ಯರ್ಥಿ. ಗುರುತಿನ ಚೀಟಿಯಲ್ಲಿ ಹಾಗೇ ಇದೆ. ದಯವಿಟ್ಟು ಅವರನ್ನು ಕಳಿಸಿ."

ಹಂಪೇಶ ಕ್ಯಾಮೆರಾ ದಿಟ್ಟಿಸಿದ. ಸತ್ಯ ಹೇಳಿ ಕೆಲಸ ಕಳೆದುಕೊಳ್ಳುವುದಕ್ಕಿಂತ, ಇಲ್ಲದವರನ್ನು ಕಳಿಸಿಕೊಡುವುದು ಸುಲಭವೆನಿಸಿತು. ಎದ್ದುಹೋಗಿ ಚಿಲಕ ತೆಗೆದ. "ಅತ್ತಿ, ಹೊರಗ ನಡೀರಿ." "ಹೋಗಂತೀಯಾ? ಒಂದ್ ಕಪ್ ಚಾ ಕೊಡ್ಲಾರದ?" "ಮ್ಯಾನೇಜರ್ರ, ನೀವೂ." "ಚೆಕ್‌ಔಟ್ ಟೈಂ ಆಗಿಲ್ಲಪಾ ಇನ್ನೂ." "ಮಾರೆಪ್ಪಣ್ಣಾ..." "ಮಂದೀನ ಹೊರಗ ಹಾಕೋನು ನಾನು. ನನ್ನಾ ಹಾಕ್ತೀಯಾ?" ಹೀಗೆ ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಬೀಳ್ಕೊಟ್ಟು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತ. ಹೊರಗೆ ಅಕ್ಕ ಗಾಬರಿಯಾಗಿ ಯಾರನ್ನೋ ಹುಡುಕುವುದು ಕೇಳಿಸಿತು: "ಅತ್ತಿ ಯಾವಾಗ ಬಂದಿದ್ಲು? ಎಲ್ಲಿಗ್ಹೋದ್ಲು?"

"ಧನ್ಯವಾದ. ಮೂವರು ಹೊರಹೋದದ್ದನ್ನು ದಾಖಲಿಸಲಾಗಿದೆ," ಎಂದಳು ಮೇಡಂ.

ಕಷ್ಟ ಶುರುವಾದದ್ದೇ ಆಮೇಲೆ. ಮೂವರೂ ನಿಜವಾಗಿಯೂ ಹೋಗಿಬಿಟ್ಟಿದ್ದರು. ಎಂಟನೇ ಪ್ರಶ್ನೆಯ ಮುಂದೆ ತಲೆ ಬೇಸಿಗೆಯ ಕಾಲುವೆಯಂತೆ ಖಾಲಿ ಬಿದ್ದಿತ್ತು. ಇನ್ನೂ ಐವತ್ತು ಪ್ರಶ್ನೆ ಬಾಕಿ. ಈಶ್ವರ್ ಸರ್ ಮುಖ, ಗುಜರಿ ಲಾರಿ, ಅದರ ಮೇಲೆ ಕಾಟಾ, ಕಾಟಾದ ಮೇಲೆ ತಾನು, ಎಲ್ಲ ಕಣ್ಣಮುಂದೆ ಬಂದವು. ತುಟಿಯಿಲ್ಲದೆ ಮಾತಾಡುವ ಒಬ್ಬರಾದರೂ ಬೇಕಿತ್ತು.

ಅಂಥವರೊಬ್ಬರು ಎದುರಿಗೇ ಇದ್ದರಲ್ಲ!

ಹಂಪೇಶ ಕಣ್ಣುಮುಚ್ಚಿ ಮನಸ್ಸಿನೊಳಗೆ ಮೇಡಂ ದನಿ ಎತ್ತಿದ. ಆ ದನಿಗೆ ಬಾಯಿಯೇ ಇರಲಿಲ್ಲವಾಗಿ ಅಲುಗಲು ತುಟಿಯೂ ಬೇಕಾಗಲಿಲ್ಲ. "ಮಾನ್ಯ ಅಭ್ಯರ್ಥಿಗಳೇ, ಪಟ್ಟಿಯಲ್ಲಿ ಹೆಸರಿಲ್ಲದ ಸಂದೇಶವನ್ನು ಫೈರ್‌ವಾಲು ತಡೆಯತಕ್ಕದ್ದು. ಆದ್ದರಿಂದ ತಾವು ಮೂರನೇ ಉತ್ತರವನ್ನು ಒತ್ತತಕ್ಕದ್ದು." ಒತ್ತಿದ. ಮುಂದಿನದು. ಒತ್ತಿದ. ಅತ್ತೆ ಒಂದು ಕಪ್ ಚಹಾ ಮುಗಿಯುವವರೆಗೆ ಹೇಳುತ್ತಿದ್ದುದನ್ನು ಈ ದನಿ ಒಂದೇ ಸಾಲಿನಲ್ಲಿ ಹೇಳಿತು. ಪರೀಕ್ಷೆ ಬರೆಯುವವನ ತಲೆಯಲ್ಲಿ ಪರೀಕ್ಷೆ ಕಾಯುವವಳೇ ಕೂತು ಉತ್ತರ ಹೇಳಿಕೊಡುತ್ತಿದ್ದುದು ಮಾತ್ರ ಯಾವ ಕ್ಯಾಮೆರಾಕ್ಕೂ ಕಾಣಿಸಲಿಲ್ಲ.

ಕೊನೆಯ ಗುಂಡಿ ಒತ್ತಿದ. ಫಲಿತಾಂಶ ಬರಲಿಲ್ಲ.

"ಅಭ್ಯರ್ಥಿಗಳೇ," ದನಿ ಮೊದಲ ಸಲ ಸ್ವಲ್ಪ ತಡವರಿಸಿತು, "ನಾನು ವರದಿ ತುಂಬಿ ಮುಗಿಸಿದರೆ ಮಾತ್ರ ಫಲಿತಾಂಶ ಬರುತ್ತದೆ. ಮೂವರು ಕೋಣೆಯಲ್ಲಿದ್ದರು ಎಂದು ಬರೆದರೆ ರದ್ದು. ತಾವೇ ಮಾತಾಡಿದಿರಿ ಎಂದು ಬರೆದರೂ ರದ್ದು. ಇಲ್ಲಿ ಇನ್ನೊಂದೇ ಕಾಲಂ ಉಳಿದಿದೆ."

"ಏನೈತ್ರಿ ಅದ್ರಾಗ?"

"ಹಿನ್ನೆಲೆ ಸದ್ದು: ಜಾನುವಾರು."

ಹಂಪೇಶನದು ಮೂವತ್ತು ವರ್ಷ ಪಳಗಿಸಿದ ಗಂಟಲು. ಕಂಪ್ಲಿಗೆ ಹೋಗಿ ಅತ್ತೆಯ ಎದುರಿಗೇ ಅತ್ತೆಯಾಗಿ, ಅತ್ತೆಯೇ 'ಯಾರು ಅಂದಿದ್ದು?' ಎಂದು ಕೇಳುವಂತೆ ಮಾಡಿದ್ದ ಗಂಟಲು. ಅದನ್ನು ಜಾನುವಾರಿನ ಲೆಕ್ಕಕ್ಕೆ ಬರೆಸಬೇಕೆ?

"ಬರೀರಿ," ಎಂದ.

"ಧನ್ಯವಾದ. ಆಧಾರಕ್ಕೆ ಆ ಸದ್ದು ಧ್ವನಿಮುದ್ರಣದಲ್ಲಿ ಒಮ್ಮೆ ಸ್ಪಷ್ಟವಾಗಿ ಇರತಕ್ಕದ್ದು. ಹತ್ತು ಸೆಕೆಂಡ್. ನಾನು ಕ್ಯಾಮೆರಾ ನೋಡುವುದಿಲ್ಲ."

ಅವನು ಉಸಿರೆಳೆದುಕೊಂಡ. ಮಾಡುವುದೇ ಆದರೆ ಕೆಟ್ಟದಾಗಿ ಮಾಡಬಾರದು. ಕರು ಕಳೆದುಕೊಂಡ ಎಮ್ಮೆಯೊಂದನ್ನು ಹೊಟ್ಟೆಯ ಆಳದಿಂದ ಎಬ್ಬಿಸಿ ಕ್ವಾರ್ಟರ್ಸಿನ ಕಿಟಕಿ ಗಾಜು ನಡುಗುವಂತೆ ಬಿಟ್ಟ.

"ಒಳಗ ಎಮ್ಮಿ ಹೊಕ್ಕೈತಲೇ ಹಂಪ್ಯಾ!" ಹೊರಗಿಂದ ಅಕ್ಕನ ಕೂಗು, ಹಿಂದೆಯೇ ದುಡುದುಡು ಹೆಜ್ಜೆ. ಚಿಲಕ ಹಾಕಿರಲಿಲ್ಲ! ಅಕ್ಕ ಒಳಗೆ ಕಾಲಿಟ್ಟರೆ, ಮೇಡಂ ನೋಡದಿದ್ದರೂ ಮುದ್ರಣದಲ್ಲಿ ನಾಲ್ಕನೆಯವಳು, ಅದೂ ನಿಜವಾದವಳು. ಅವನು ಕುರ್ಚಿ ಬಿಡದೆ ಎಡಗಾಲು ಚಾಚಿ ಬಾಗಿಲಿಗೆ ಒತ್ತುಕೊಟ್ಟ. ಮುಖ ಕ್ಯಾಮೆರಾಕ್ಕೆ ನೆಟ್ಟಗೆ, ಕಾಲು ಬಾಗಿಲಿಗೆ ನೆಟ್ಟಗೆ, ಬಾಯಿ ತುಂಬ ಎಮ್ಮೆ. ಆರು, ಏಳು. ಅಕ್ಕ ಹೆಗಲುಕೊಟ್ಟು ದೂಡಿದಳು. ಎಂಟು. "ಬಾಗ್ಲಕ್ಕ ಅಡ್ಡ ಮಲಗೈತಿ ಮುಂಡೇದು!" ಒಂಬತ್ತು. ಕುರ್ಚಿ ಜಾರತೊಡಗಿತು. ಎಮ್ಮೆಯ ದನಿಯಲ್ಲಿ ಈಗ ನಟನೆಯಿಲ್ಲದ ಸಂಕಟವಿತ್ತು.

"ಸಾಕು. ಬಹಳ ಸ್ಪಷ್ಟವಾಗಿದೆ," ಎಂದ ದನಿ ಮುಚ್ಚಿಕೊಂಡಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಪಾಸಾಗಲು ಏಳುನೂರು ಅಂಕ ಬೇಕಿದ್ದಲ್ಲಿ ಏಳುನೂರಾ ಆರು.

ಕಾಲು ಸೋತಿತು. ಬಾಗಿಲು ಹಾರುಹೊಡೆದು ಅಕ್ಕ ಕೋಲು ಎತ್ತಿಕೊಂಡೇ ಒಳಗೆ ಬಿದ್ದಳು.

"ಅಕ್ಕಾ, ಪಾಸಾದೆ! ಸಂಡೂರು ಆಫೀಸು ಗಟ್ಟಿ ಆತು!"

"ತಡಿಯೋ ಮಾರಾಯ," ಎಂದು ಅಕ್ಕ ಮಂಡಿಯೂರಿ, ಮೊದಲು ಮಂಚದ ಕೆಳಗೆ ಬಗ್ಗಿ ನೋಡಿದಳು.