ಕರೀಮಾಳ ಎಮ್ಮೆ ಮತ್ತು ಡಾಕ್ಟರರ ಚೀಟಿ

೧೯೪೬ರ ಬೇಸಿಗೆಯಲ್ಲಿ ಗುಂಡಪ್ಪ ಉರ್ದು ಶಾಲೆಯಲ್ಲಿ ಮೆಟ್ರಿಕ್ ಪಾಸಾದ. ದನದ ಡಾಕ್ಟರ್ ಆಗುತ್ತೇನೆ ಎಂದಾಗ ಅಕ್ಕ ಗಯಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

“ಹತ್ತು ವರ್ಷ ಉರ್ದು ಕಲ್ತು ಎಮ್ಮಿ ಬಾಲ ಎತ್ತಾಂವ ಆಗ್ತಿ? ಓದಲಾರದನ ಎತ್ತಬಹುದಿತ್ತಲ್ಲ.”

ಹಿಂದಿನ ವರ್ಷ ಮನೆಯ ಎತ್ತು ಹೊಟ್ಟೆ ಉಬ್ಬಿ ಒದ್ದಾಡುವಾಗ ಇದೇ ಅಕ್ಕ ಮೆಣಸಿನಕಾಯಿ ಸುಟ್ಟು ಅದಕ್ಕೆ ದೃಷ್ಟಿ ತೆಗೆದಿದ್ದಳು. ಎತ್ತು ಸತ್ತಿತು. ದೃಷ್ಟಿ ಬಹಳ ಜೋರಿತ್ತು ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದರು. ಇಂಥವರ ಜೊತೆ ವಾದ ಮಾಡಿ ಏನು ಬಂತು?

ಹೈದರಾಬಾದಿನ ದನದ ಡಾಕ್ಟರಿ ಕಾಲೇಜಿಗೆ ಅರ್ಜಿ ಹಾಕುವ ಮೊದಲು ಕೆಲಸ ಹೇಗಿರುತ್ತದೆಂದು ನೋಡಲು ಅವನು ಕಲ್ಯಾಣಿಯಿಂದ ಹುಮನಾಬಾದಿಗೆ ಹೋದ. ಅಲ್ಲಿನ ದನದ ದವಾಖಾನೆಯ ಡಾಕ್ಟರ್ ತುಳಜಾರಾಮರ ಕೈಕೆಳಗೆ ಒಂದು ತಿಂಗಳು ನಿಂತ. ಕೈಕೆಳಗೆ ಅನ್ನುವುದು ಮಾತಿಗಷ್ಟೆ, ಡಾಕ್ಟರರ ಕೈಗೆ ಕೆಲಸವೇ ಇರಲಿಲ್ಲ. ಬಿಳಿ ಪಾಟಲೋನು ಹಾಕಿಕೊಂಡು ಮೆಟ್ಟಿಲ ಮೇಲೆ ಕುರ್ಚಿಯಲ್ಲಿ ಕೂತು, ಅಂಗಳದ ಎತ್ತನ್ನು ಬೆತ್ತದಿಂದ ತೋರಿಸಿ “ಅಜೀರ್ಣ” ಎನ್ನುತ್ತಿದ್ದರು. ಕುಂಟುವ ಎತ್ತಿಗೂ ಅಜೀರ್ಣವೇ. ಜವಾನ ಬಿದಿರಿನ ಗೊಟ್ಟದಲ್ಲಿ ಎಲ್ಲಕ್ಕೂ ಒಂದೇ ಕಪ್ಪು ಔಷಧ ಕುಡಿಸುತ್ತಿದ್ದ.

ಮೂರನೇ ವಾರ ಹಾಲು ಮಾರುವ ಕರೀಮಾ ಬಂದಳು. ಅವಳ ಬಲಗೈ ಮುರಿದು ಕಟ್ಟು ಹಾಕಿತ್ತು.

“ಡಾಕ್ಟರ್ ಸಾಬ್, ಎಮ್ಮಿ ಮುಂಜಾನಿಂದ ತಿಣಕಾಕತ್ತದರಿ. ಕರದ ಎರಡು ಕಾಲು ಹೊರಗ ಬಂದಾವ, ತಲಿ ಬರವಲ್ದು.”

“ಇಲ್ಲೇ ಹೊಡಕೊಂಡು ಬಾ.”

“ಎದ್ದು ನಿಂತ್ರ ತಾನ ಹೊಡಕೊಂಡು ಬರೂದು?”

ತಹಸೀಲ್ದಾರರ ಮನೆಗೆ ಅವಳ ಹಾಲೇ ಹೋಗುತ್ತಿತ್ತು. ಹಾಗಾಗಿ ಡಾಕ್ಟರರು ಎದ್ದರು. ಆದರೆ ಅವಳ ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು, “ಕರ ಸತ್ತದ. ಎಮ್ಮೀನೂ ಉಳಿಯೂದಿಲ್ಲ” ಎಂದರು.

ಗುಂಡಪ್ಪ ಡಾಕ್ಟರರ ಕಪಾಟಿನಲ್ಲಿದ್ದ ಪುಸ್ತಕ ಓದಿದ್ದ. “ಒಳಗ ತಲಿ ಹಿಂದಕ ಹೊಳ್ಳಿದ್ರ ಹಿಂಗ ಆಗ್ತದಂತ ಬರದಾರ್ರಿ” ಎಂದ.

“ಬರದಾಂವ ಬರ್ತಾನೇನು ಈಗ?” ಎಂದಳು ಕರೀಮಾ. “ನನ್ನ ಕೈ ನೆಟ್ಟಗಿದ್ರ ನಿಮ್ಮಿಬ್ಬರನ್ನ ಕರೀತಿದ್ದಿಲ್ಲ. ಅಂಗಿ ತೆಗಿ. ಎಣ್ಣಿ ಹಚ್ಚಿಕೋ.”

ಅವನು ನೆಲಕ್ಕೆ ಒರಗಿ ಕೈಯನ್ನು ಭುಜದವರೆಗೆ ಒಳಗೆ ಹಾಕಿದ. ಎಮ್ಮೆ ತಿಣುಕಿ ಮುಕ್ಕಿದಾಗಲೆಲ್ಲ ಅವನ ಕೈಯ ಎಲುಬು ಪುಡಿಯಾದಂತೆ ನೋವಾಗುತ್ತಿತ್ತು. ತಲೆ ನಿಜವಾಗಿಯೂ ಪಕ್ಕೆಯ ಕಡೆ ಹೊರಳಿತ್ತು.

“ಜಗ್ಗಬ್ಯಾಡ. ಮೊದಲ ಕರಾನ ಹಿಂದಕ ನೂಕು” ಎಂದಳು ಕರೀಮಾ. “ಈಗ ದವಡಿಗೆ ಬೆರಳ ಹಾಕಿ ತಲಿ ಹೊಳ್ಳಸು. ತಡೀ, ಅಕಿ ಮುಕ್ಕಲಿ.”

ಅವನ ಬೆರಳಿಗೆ ಕರುವಿನ ನಾಲಿಗೆ ತಾಗಿತು. ಅದು ಸಣ್ಣಗೆ ಚೀಪಿತು. ಬದುಕಿದೆ ಎಂದು ಯಾರಿಗೂ ಹೇಳುವಷ್ಟು ಉಸಿರು ಅವನಲ್ಲಿರಲಿಲ್ಲ. ಇನ್ನೊಂದು ತಾಸಿಗೆ ಕರು ಜೀವಂತವಾಗಿ ಹೊರಬಂತು. ಡಾಕ್ಟರರು ಅಷ್ಟರಲ್ಲಿ ಹೊರಟುಹೋಗಿದ್ದರು.

ತಿಂಗಳು ಮುಗಿದಾಗ ಅವರು ಕಾಲೇಜಿಗೆ ಕಳಿಸಲು ಶಿಫಾರಸಿನ ಚೀಟಿ ಕೊಟ್ಟರು. ಗುಂಡಪ್ಪ ಅದನ್ನು ಕರೀಮಾಳ ಮುಂದೆ ಓದಿದ. ಡಾಕ್ಟರರು ಕಠಿಣ ಹೆರಿಗೆಯೊಂದನ್ನು ಸ್ವತಃ ಮಾಡಿಸಿದ್ದರಂತೆ. ಆಗ ಈ ಉಮೇದುವಾರ ಪಕ್ಕದಲ್ಲಿ ನೀರಿನ ಬಕೆಟ್ ಹಿಡಿದು ವಿಧೇಯನಾಗಿ ನಿಂತಿದ್ದನಂತೆ.

“ಹರದ ಒಗೀಲೇನು?” ಎಂದು ಕೇಳಿದ.

“ಒಗದು ಮನ್ಯಾಗ ಕೂಡ್ತಿ?” ಕರೀಮಾ ಎಡಗೈಯಿಂದ ಎಮ್ಮೆಗೆ ಹುಲ್ಲು ಹಾಕುತ್ತಲೇ ಇದ್ದಳು. “ಕಾಲೇಜಿನವರಿಗೆ ಇಂಥಾ ಸುಳ್ಳ ಬೇಕಾಗ್ತದ. ಕೊಡು. ಒಳಗ ಹೋಗಿ ಕಲಿ. ಕಲ್ತು ಬಿಳಿ ಪಾಟಲೋನ ಹಾಕ್ಕೊಂಡು ಹೊಸ್ತಿಲಮ್ಯಾಲ ನಿಂತೆಂದ್ರ, ನಾನಂತೂ ನಿನ್ನ ಕರಿಯಾಕ ಬರೂದಿಲ್ಲ.”

ಗುಂಡಪ್ಪ ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಮರುದಿನ ಹೈದರಾಬಾದಿನ ಬಸ್ಸಿನಲ್ಲಿ ಕೂತಾಗ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ತನ್ನ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು. ಆದರೂ ಬಸ್ಸಿನಿಂದ ಇಳಿಯಲಿಲ್ಲ.