ಹತ್ತೊಂಬತ್ತನೆಯ ಮನೆ

ಇಪ್ಪತ್ತು ತಪ್ಪು. ಹದಿನೆಂಟಾಗಬೇಕಿತ್ತು.

ಕೊಕ್ ಸೆಂಗ್ ಪರದೆಗೆ ಇನ್ನಷ್ಟು ಬಾಗಿದ. ಲಿಫ್ಟು ನಡೆಸುವ ಆ ಸಿ ಭಾಷೆಯ ಪ್ರೋಗ್ರಾಮಿನ ಅರೇಯಲ್ಲಿ, ಎಂದರೆ ಅಂಕಿಗಳನ್ನಿಡುವ ಸಾಲಿನಲ್ಲಿ, ಮಹಡಿಗೊಂದರಂತೆ ಹದಿನೆಂಟು ಮನೆಗಳಿದ್ದವು. ಅವನ್ನು ಒಂದೊಂದಾಗಿ ಎಣಿಸಿ ಅಳಿಸುತ್ತ ಹೋಗುವ ಲೂಪು ಮಾತ್ರ ಇಪ್ಪತ್ತರವರೆಗೆ ಓಡುತ್ತಿತ್ತು. ನಾಲ್ಕು ಎಂದರೆ ಚೀನೀ ಕಿವಿಗೆ ಸಾವು ಎಂದೇ ಕೇಳುತ್ತದೆ. ಪೆನಾಂಗಿನಲ್ಲಿ ಆ ಅಂಕಿಯ ಮಹಡಿ ಬಿಕರಿಯಾಗುವುದಿಲ್ಲ. ಅದಕ್ಕೇ ಲಿಫ್ಟಿನಲ್ಲಿ ನಾಲ್ಕರ ಗುಂಡಿಯೂ ಇಲ್ಲ, ಹದಿನಾಲ್ಕರದೂ ಇಲ್ಲ. ಯಾರೋ ಮಹಾಶಯ ಕೊನೆಯ ಗುಂಡಿಯ ಮೇಲಿನ ಇಪ್ಪತ್ತನ್ನು ಕಣ್ಣುಮುಚ್ಚಿ ನಂಬಿದ್ದ. ಅರೇ ಮುಗಿದ ಮೇಲಿನ ಎರಡು ಮನೆಗೆ, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂಬ ಲೆಕ್ಕ ಈಚೆಗೆ ಬಂದು ಸೇರಿತ್ತು. ಅವೂ ಅಳಿಸಿಹೋಗಿ, ತೆರೆದು ನಿಲ್ಲಬೇಕಿದ್ದ ಬಾಗಿಲು ಮುಚ್ಚಿಕೊಂಡು ಮುದುಕಿಯೊಬ್ಬಳ ಮಣಿಕಟ್ಟು ಮುರಿದಿತ್ತು.

ಮಹಾಶಯ ಯಾರೆಂದು, ಯಾವ ಸಾಲು ಯಾರು ಬರೆದದ್ದೆಂಬ ಹಳೆಯ ದಾಖಲೆ ತೆಗೆದು ನೋಡಿದ. ಆರು ವರ್ಷದ ಹಿಂದಿನ ಸಾಲು. ಹೆಸರು ಅವನದೇ.

ದುರಸ್ತಿಗೆ ಅರೆ ನಿಮಿಷ ಸಾಕಾಯಿತು.

"ತಪ್ಪು ಸಿಕ್ತಾ?" ಮ್ಯಾನೇಜರ್ ಖೂ ಮೇಡಂ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದರು.

"ಸಿಕ್ತು."

"ರೊಜೈಮಿದೇ ತಾನೆ? ಬಾಗಿಲಿನ ಕೆಲಸ ಅವನೇ ನೋಡ್ತಿದ್ದಿದ್ದು."

"ಬಾಗಿಲಿನ ಹತ್ರಾನೇ ಇತ್ತು."

"ಹಾಗಂತ ಬರೀರಿ. ಅವನನ್ನ ಕೆಲಸದಿಂದ ತೆಗೆಯೋ ಪತ್ರಕ್ಕೆ ನಾಲ್ಕು ಗಂಟೆಗೆ ಸಹಿ ಹಾಕ್ಬೇಕು."

ತಾನು ಸುಳ್ಳು ಹೇಳಿಲ್ಲವೆಂದು ಸೆಂಗ್ ಸಮಾಧಾನ ಮಾಡಿಕೊಂಡ. ಆದರೂ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹಸಿವಾಯಿತು; ಆ ಹಸಿವಿನ ಮೇಲೆ ಸಿಟ್ಟು ಬಂತು.

ತಿದ್ದಿದ ಪ್ರೋಗ್ರಾಮನ್ನು ಹಾಕಲು ಆ ಲಿಫ್ಟಿರುವ ಕಟ್ಟಡಕ್ಕೆ ಹೋದ. ಕೆಲಸ ಮುಗಿಸಿ ಲಿಫ್ಟಿಗೆ ಕಾಯುತ್ತಿರುವಾಗ ರೊಜೈಮಿಯ ಫೋನು ಬಂತು.

"ಸೆಂಗ್ ಅಣ್ಣ, ತಪ್ಪು ಸಿಕ್ತಂತೆ?"

"ಹೂಂ."

"ನಂದೇ ಅಲ್ವಾ? ಎರಡು ದಿನದಿಂದ ತಲೆ ಕೆಡಿಸ್ಕೊಂಡಿದೀನಿ. ಎಲ್ಲಿ ಎಡವಿದೆ ಅಂತ ಹೊಳೀತಾನೇ ಇಲ್ಲ."

"ಊಟ ಆಯ್ತಾ?"

"ಆಯ್ತು. ನೀವೇ ನೋಡಿದ್ರಲ್ಲ, ಅದೊಂದು ಸಮಾಧಾನ. ಬೇರೆಯವ್ರಾಗಿದ್ರೆ ನನ್ನ ಮರ್ಯಾದೆ ತೆಗೀತಿದ್ರು."

ಫೋನು ಇಟ್ಟು ಲಿಫ್ಟಿನೊಳಗೆ ಕಾಲಿಟ್ಟಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಮೇಡಂಗೆ ಒಂದು ಕರೆ ಮಾಡಿದರೆ ಆಗುತ್ತಿತ್ತು. ಅವರ ಹೆಸರು ತೆಗೆದು, ಅದರ ಮೇಲೆ ಹೆಬ್ಬೆರಳು ಹಿಡಿದು ನಿಂತ. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೋ ಅಷ್ಟು ಹೊತ್ತು ತೆರೆದಿದ್ದು ನಯವಾಗಿ ಮುಚ್ಚಿಕೊಂಡಿತು. ಅವನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಎರಡು ನಿಮಿಷ ಯಾರೂ ಗುಂಡಿ ಒತ್ತದಿದ್ದರೆ ಒಳಗೆ ಯಾರೂ ಇಲ್ಲವೆಂದು ಲಿಫ್ಟು ತಿಳಿಯಬೇಕು. ಆ ಸಾಲನ್ನೂ ಅವನೇ ಬರೆದಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ.

ದೀಪ ಆರಿತು.