ಅಪ್ಪ ಇರುವವನ ತಲೆ

ಆ ದಿನ ಬೆಳಿಗ್ಗೆ ಚೆಂಬೂರಿನಲ್ಲಿ ಒಣ ಚಳಿ ಬಿದ್ದಿತ್ತು. ಮುಂಬಯಿಯ ಚಳಿಯೆಂದರೆ ಎಷ್ಟರ ಚಳಿ! ಡಿಸೆಂಬರಿನಲ್ಲಿ ನಾಲ್ಕು ದಿನ ಬಂದು, ಬಂದ ಶಾಸ್ತ್ರ ಮುಗಿಸಿ, ಊಟಕ್ಕೂ ನಿಲ್ಲದೆ ಹೋಗುವ ನೆಂಟನಂಥದ್ದು. ಆದರೂ ಖಾಡಿಯ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿ ಜನರ ತುಟಿ ಒಡೆಸುತ್ತಿತ್ತು, ಮೊಣಕೈಗೆ ಬೂದಿ ಬಳಿಯುತ್ತಿತ್ತು. ಸ್ಟೇಶನ್ನಿನ ಎದುರಿಗಿದ್ದ ಮೋನಪ್ಪನವರ ಹೋಟೆಲಿನಲ್ಲಿ ಸಪ್ಲಾಯರ್ ಶೇಖರನ ತಲೆಯಿಂದ ಹೊಟ್ಟು ಉದುರಿಸುತ್ತಿತ್ತು.

"ಏ, ಯೇ ಕ್ಯಾ ಗಿರಾಯಾ ರೇ?" ಎಂದ ಕಪ್ಪು ಕೋಟಿನ ವಕೀಲ. ದೋಸೆಯ ತಟ್ಟೆ ಇಡಲು ಶೇಖರ ಬಗ್ಗಿದಾಗ ಆ ಕಪ್ಪು ತೋಳಿನ ಮೇಲೆ ಬಿಳಿಯ ಚೂರುಗಳು ಬಿದ್ದಿದ್ದವು.

"ನಾರಿಯಲ್ ಹೈ ಸಾಬ್," ಎಂದು ತೆಂಗಿನತುರಿಯ ಮೇಲೆ ಹಾಕಿದ ಶೇಖರ, ರೆಪ್ಪೆ ಕೂಡ ಅಲುಗಿಸದೆ.

ವಕೀಲ ಒಂದು ಚೂರನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ. ಆಮೇಲೆ ಶೇಖರನ ತಲೆ ನೋಡಿದ. ದೋಸೆ ಮುಟ್ಟದೆ ಎದ್ದುಹೋದ.

ಶೇಖರನಿಗೆ ಗಿರಾಕಿಗಳೆಂದರೆ ಮೊದಲಿನಿಂದಲೂ ತಾತ್ಸಾರ. ಅಂಗೈಯಿಂದ ಭುಜದ ತನಕ ತಟ್ಟೆ ಜೋಡಿಸಿಕೊಂಡು, ಒಂದು ತೊಟ್ಟು ಚೆಲ್ಲದೆ ಮೇಜುಗಳ ನಡುವೆ ಹಾವಿನ ಹಾಗೆ ಸರಿದಾಡುವ ತನ್ನೆದುರು ಇವರೆಲ್ಲ ಯಾವ ಲೆಕ್ಕ ಎಂಬ ಭಾವ. ಸಾಸರಿಗೆ ಕಾಫಿ ಸುರಿದು ಸೊರ್ರೆಂದು ಎಳೆಯುವವರು, ತಿಂದು ಮುಗಿಸಿ ಮೇಜಿನ ಕೆಳಗೆ ಕೈ ಒರೆಸುವವರು, ಮನೆಯಲ್ಲಿ ಹೆಂಡತಿಯ ಮುಂದೆ ಉಸಿರೆತ್ತದೆ ಇಲ್ಲಿ ಬಂದು ಚಟ್ನಿಗಾಗಿ ಗರ್ಜಿಸುವವರು. ಅವರೆಲ್ಲರಿಗಿಂತ ಕೀಳಾಗಿ ಕಂಡವನು ರಿಫೈನರಿ ಆಫೀಸಿನ ಗುಮಾಸ್ತ, ಧಾರವಾಡದ ಕಡೆಯ ಶಿವಪುತ್ರಪ್ಪ. ಒಂದೇ ಪ್ಲೇಟು ಇಡ್ಲಿ ತೆಗೆದುಕೊಂಡು, "ಸ್ವಲ್ಪ ಸಾಂಬಾರ ನೀಡ್ರಿ," ಎಂದು ಮತ್ತೆ ಮತ್ತೆ ಕೇಳುವವನು. ಶೇಖರ ಅವನಿಗೆ ಮೇಲಿನ ತಿಳಿಯನ್ನೇ ಸುರಿಯುತ್ತಿದ್ದ. ಗಟ್ಟಿ ತಳದಲ್ಲೇ ಉಳಿಯುತ್ತಿತ್ತು. ಇನ್ನು ಒಳಗೆ ಮೋರಿಯ ಪಕ್ಕ ಕೂತು ತಟ್ಟೆ ತೊಳೆಯುವವರನ್ನಂತೂ ಅವನು ಮನುಷ್ಯರ ಸಾಲಿನಲ್ಲೇ ಸೇರಿಸಿರಲಿಲ್ಲ.

ದೇವರು ಒಬ್ಬೊಬ್ಬರಿಗೆ ಒಂದೊಂದು ಕಡೆ ಸೊಕ್ಕು ಇಟ್ಟು ಕಳಿಸುತ್ತಾನೆ. ಶೇಖರನಿಗೆ ಅದನ್ನು ಗುಂಗುರು ಕೂದಲಲ್ಲಿ ಇಟ್ಟಿದ್ದ. ಈಗ ಅಲ್ಲಿಂದಲೇ ಉದುರಿಸತೊಡಗಿದ್ದ.

ಮದ್ದು ಮಾಡದೆ ಇರಲಿಲ್ಲ. ಅಡುಗೆಮನೆಯ ಹುಳಿಮೊಸರು ಹಚ್ಚಿದ; ಎರಡು ದಿನ ಯಾರೂ ಪಕ್ಕದಲ್ಲಿ ಮಲಗಲಿಲ್ಲ. ಲಿಂಬೆಹೋಳು ತಿಕ್ಕಿದ, ಕಣ್ಣಲ್ಲಿ ನೀರು ಬಂತು, ಹೊಟ್ಟು ಇದ್ದಲ್ಲೇ ಇತ್ತು. ದಾದರಿನ ಫುಟ್‌ಪಾತಿನಲ್ಲಿ ಒಬ್ಬ ತನ್ನ ಬೋಳುತಲೆಯನ್ನು ಟವಲಿನಲ್ಲಿ ಮುಚ್ಚಿಕೊಂಡು ಮಾರುತ್ತಿದ್ದ ಹಸಿರು ಎಣ್ಣೆಯನ್ನೂ ತಂದ. ಕೊನೆಗೆ, ಚೆನ್ನಾಗಿ ತೊಳೆದರೆ ಹೋದೀತು ಎಂದು, ಹೋಟೆಲಿನವನಿಗೆ ಮಾತ್ರ ಹೊಳೆಯಬಹುದಾದ ಉಪಾಯ ಹೂಡಿದ: ಬಾಣಲೆಯ ಜಿಡ್ಡು ತೆಗೆಯುವ ಸೋಡಾವನ್ನು ಬಿಸಿನೀರಿಗೆ ಹಾಕಿ ದಿನವೂ ತಲೆಗೆ ಸುರಿದುಕೊಂಡ. ಬಾಣಲೆಯಾದರೆ ಕಬ್ಬಿಣದ್ದು. ತಲೆಯ ಚರ್ಮ ಹಪ್ಪಳದಂತೆ ಒಣಗಿ ಎದ್ದಿತು.

ವಕೀಲ ಎದ್ದುಹೋದ ಮೇಲೆ ಮೋನಪ್ಪ ಗಲ್ಲಾದಿಂದ ಇಳಿದು ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ತಲೆಯಾ ಮಾರಾಯ ಅದು, ಅವಲಕ್ಕಿ ಗಿರಣಿಯಾ?"

ತಟ್ಟೆ ತೊಳೆಯುವವರು ಕಿಸಕ್ಕನೆ ನಕ್ಕರು. ಅವರು ನಕ್ಕದ್ದೇ ಶೇಖರನಿಗೆ ಉರಿಯಿತು.

"ಮದ್ದು ಮಾಡ್ತಾ ಇದ್ದೇನೆ ಧನಿ."

"ನಿನ್ನ ಮದ್ದು ನಾಟುವಾಗ ನನ್ನ ಹೋಟ್ಲಿಗೆ ಬೀಗ ಬಿದ್ದಿರ್ತದೆ. ಇವತ್ತು ಮಧ್ಯಾಹ್ನ ಹೋಗಿ ನುಣ್ಣಗೆ ಬೋಳಿಸಿಕೊಂಡು ಬಾ. ಆಗುದಿಲ್ವಾ, ಇವರ ಒಟ್ಟಿಗೆ ಕೂತು ತಟ್ಟೆ ತೊಳಿ."

"ಅಪ್ಪ ಇದ್ದಾರೆ ಧನಿ."

"ಇರ್ಲಿ ಮಾರಾಯ. ನಾನೇನು ಅವರನ್ನು ಸಾಯಿ ಹೇಳಿದ್ನಾ?"

ಊರಿನಲ್ಲಿ ಮಗನ ತಲೆ ಬೋಳಾಗುವುದು ಹೆತ್ತವರ ಚಿತೆ ಉರಿದಾಗ. ಅಪ್ಪ ಉಸಿರಾಡುತ್ತಿರುವಾಗ ಮಗ ತಲೆ ಬೋಳಿಸಿದರೆ ಅದು ಅಪ್ಪನ ಆಯುಸ್ಸಿಗೆ ಕತ್ತಿ ಹಿಡಿದ ಹಾಗೆ. ಇದನ್ನು ಯಾರೂ ಶೇಖರನಿಗೆ ಕಲಿಸಿರಲಿಲ್ಲ. ಎದೆಹಾಲಿನ ಜೊತೆ ಕುಡಿದದ್ದು. ಅವನ ಅಪ್ಪ ಐತಪ್ಪ ಕಾಪುವಿನ ಕಡಲ ಬದಿಯಲ್ಲಿ, ಒಂದು ಕಣ್ಣು ಮಂಜಾದರೂ, ತೆಂಗಿನ ಬುಡಕ್ಕೆ ತಾನೇ ನೀರು ಹೊಯ್ಯುತ್ತ ಇದ್ದರು. ತಿರುಪತಿಗೆ ಮುಡಿ ಕೊಟ್ಟೆ ಎನ್ನೋಣವೆಂದರೆ, ಬೆಳಿಗ್ಗೆ ಇಡ್ಲಿ ಕೊಟ್ಟವನು ಸಂಜೆಯೊಳಗೆ ತಿರುಪತಿಗೆ ಹೋಗಿ ಬಂದನೆಂದು ಯಾರು ನಂಬುತ್ತಾರೆ?

ಶೇಖರ ಮೋರಿಯ ಕಡೆ ನೋಡಿದ. ನಕ್ಕವರು ಒದ್ದೆ ಕೈಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದರು. ಇವರ ನಡುವೆ ಕುಕ್ಕರಗಾಲಲ್ಲಿ ಕೂತು ಆ ಶಿವಪುತ್ರಪ್ಪನ ಎಂಜಲು ತೊಳೆಯುವುದೇ?

ಮಧ್ಯಾಹ್ನ ಹೋಗಿ ಬೋಳಿಸಿಕೊಂಡ. ನಾಪಿತನ ಕತ್ತಿ ನೆತ್ತಿಯ ಮೇಲೆ ಕರಕರ ಹರಿಯುವಾಗ ಅಪ್ಪನ ಕೈ ನೆನಪಾಯಿತು. ಶನಿವಾರ ದಾಸವಾಳದ ಸೊಪ್ಪು ಹಿಚುಕಿ ಲೋಳೆ ಗೊಂಪು ತೆಗೆದು, ಮಗನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, "ಅಲ್ಲಾಡಬೇಡ ಕಪಿ," ಎನ್ನುತ್ತ ತಲೆಗೆ ತಿಕ್ಕುತ್ತಿದ್ದ ದೊರಗು ಕೈ. ಶೇಖರ ಕಣ್ಣು ಮುಚ್ಚಿಕೊಂಡ. ತೆರೆದಾಗ ಕನ್ನಡಿಯಲ್ಲಿ ಯಾರೋ ಸೂತಕದವನು ಕೂತಿದ್ದ.

ಸಂಜೆ ಮೊದಲು ಕೇಳಿದವನು ಶಿವಪುತ್ರಪ್ಪನೇ. ಇಡ್ಲಿ ಮುರಿಯುವ ಕೈ ಅಲ್ಲೇ ನಿಂತಿತು.

"ಇದೇನ್ರೀ ಶೇಖರಪ್ಪ... ತಂದಿಯವರು ಹ್ವಾದ್ರೇನು?"

ಶೇಖರ ಬಾಯಿ ತೆರೆಯುವ ಮೊದಲೇ ಗಲ್ಲಾದಿಂದ ಉತ್ತರ ಬಂತು. "ಹೌದು ರಾಯರೇ, ಪಾಪ. ಊರಿನ ಕಾಗದ ತಡವಾಗಿ ಬಂತು. ದಿನ ಕಳೆದಿದ್ದಕ್ಕೆ ಸೂತಕ ಒಂದು ಸ್ನಾನದಲ್ಲೇ ಹೋಯ್ತು, ಬೋಳಿಸುದೊಂದು ಬಾಕಿ ಇತ್ತು."

ಹೇಳಿದ ಮೋನಪ್ಪ ವೆಂಕಟರಮಣನ ಪಟಕ್ಕೆ ಊದುಬತ್ತಿ ಸಿಕ್ಕಿಸುತ್ತಿದ್ದರು. ಹೋಟೆಲಿನಲ್ಲಿ ಹೊಟ್ಟು ಎನ್ನುವುದಕ್ಕಿಂತ ಸಾವು ಎನ್ನುವುದು ವ್ಯಾಪಾರಕ್ಕೆ ಒಳ್ಳೆಯದು. ಶೇಖರ ಇಲ್ಲವೆನ್ನಬಹುದಿತ್ತು. ನಾಲಗೆಯೂ ಇತ್ತು, ಗಳಿಗೆಯೂ ಇತ್ತು. ಅವನು ಸಾಂಬಾರಿನ ಪಾತ್ರೆ ಎತ್ತಿಕೊಂಡು ಮುಂದಿನ ಮೇಜಿಗೆ ಹೋದ.

ಆಮೇಲೆ ಹೋಟೆಲೇ ಮೆತ್ತಗಾಯಿತು. ಚಟ್ನಿಗೆ ಗರ್ಜಿಸುತ್ತಿದ್ದವರು, "ನಿಧಾನ ಬರ್ಲಿ ಅಣ್ಣ," ಎಂದರು. ಒಬ್ಬ ಎದ್ದು ಬೆನ್ನು ತಟ್ಟಿದ. ಎಷ್ಟು ಸಲೀಸಾಗಿ ನಂಬುತ್ತವೆ ಈ ಕುರಿಗಳು ಎಂದು ಶೇಖರ ಒಳಗೇ ನಗಲು ನೋಡಿದ. ಮರುದಿನ ಅಂಚೆಯವನು ಹೋಟೆಲಿನ ಮೆಟ್ಟಿಲು ಹತ್ತಿದಾಗ ಅವನ ಕೈಯಿಂದ ಮೊದಲ ಸಲ ಒಂದು ಲೋಟ ಜಾರಿತು. ಕಾಗದ ಬೇರೆ ಯಾರಿಗೋ ಇತ್ತು. ದೇವರೇ, ಮಾತು ನನ್ನದಲ್ಲ, ಧನಿ ಹೇಳಿದ್ದು ಎಂದು ಅವನು ವೆಂಕಟರಮಣನಿಗೆ ವಕಾಲತ್ತು ಮಾಡಿದ. ಪಟದಲ್ಲಿ ದೇವರ ಕಣ್ಣು ಅಗಲ ನಾಮದ ಹಿಂದೆ ಮುಚ್ಚಿತ್ತು. ಕೇಳಿತೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಸಂಜೆ ಹೋಟೆಲು ತುಂಬಿತ್ತು. ಶಿವಪುತ್ರಪ್ಪ ಬಂದವನು ಎಂದಿನಂತೆ ಕೂರಲಿಲ್ಲ. ಕಂಕುಳಿನಿಂದ ಒಂದು ಪೊಟ್ಟಣ ತೆಗೆದು, ಕಾಗದ ಬಿಚ್ಚಿ, ಹೊಸ ಧೋತರವೊಂದನ್ನು ಶೇಖರನ ಕೈಗಿಟ್ಟ.

"ಇದು ಆಯೇರಿ. ನಮ್ಮ ಕಡೆ ಸತ್ತವರ ಮಕ್ಕಳಿಗೆ ಬಳಗದವರು ಅರಿವಿ ಕೊಡ್ತೀವ್ರಿ. ನಿಮ್ಮ ಪದ್ಧತಿ ನನಗ ಗೊತ್ತಿಲ್ಲ. ತಪ್ಪು ತಿಳೀಬ್ಯಾಡ್ರಿ."

"ನೀವ್ಯಾಕೆ..." ಎಂದ ಶೇಖರ.

"ನಮ್ಮಪ್ಪ ಸತ್ತಾಗ ನನಗ ರಜಾ ಸಿಗಲಿಲ್ರಿ. ಆಫೀಸಿನ್ಯಾಗ ಕುಂತು ಅತ್ತೆ. ಯಾರೂ ಏನ್ ಆತು ಅಂತ ಸೈತ ಕೇಳ್ಲಿಲ್ಲ. ಮುಂಬಯಿದಾಗ ನಮಗ ಬಳಗ ಅಂದ್ರ ಯಾರದಾರ? ದಿನಾ ತಾಟು ತಂದಿಡೋ ನೀವು, ಅಷ್ಟ." ಅವನು ಕೊರಳಿನ ಲಿಂಗಕ್ಕೆ ಅಂಗಿಯ ಮೇಲಿನಿಂದಲೇ ಕೈ ತಾಗಿಸಿದ. "ನಾಳೆ ಸೋಮವಾರ. ಪೂಜಿ ಹೊತ್ತಿನ್ಯಾಗ ಅವರ ಹೆಸರಲೆ ಒಂದು ಪತ್ರಿ ಏರಸ್ತೀನಿ. ಹೆಸರೇನ್ರೀ ಹಿರ್ಯಾರದು?"

ಧೋತರ ಹಗುರವಿತ್ತು. ಬಡ ಗುಮಾಸ್ತ ಕೊಳ್ಳುವ ಬಟ್ಟೆ. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅಂಚು ಮಾತ್ರ ಕೆಂಪು, ಆರಿಸಿ ತಂದದ್ದು. ಗಲ್ಲಾದಲ್ಲಿ ಮೋನಪ್ಪ ಕತ್ತು ಎತ್ತಿದ್ದರು.

ಶೇಖರನಿಗೆ ಅಪ್ಪನ ಹೆಸರು ಬಾಯಿಗೆ ಬಂತು. ಬಂದು, ಹಲ್ಲಿನ ಹಿಂದೆ ನಿಂತಿತು. ಈ ಮನುಷ್ಯ ನಾಳೆ ಮಡಿಯುಟ್ಟು, ಕಣ್ಣು ಮುಚ್ಚಿ, ಕಾಪುವಿನಲ್ಲಿ ತೆಂಗಿಗೆ ನೀರು ಹೊಯ್ಯುತ್ತಿರುವವರನ್ನು ಸತ್ತವರ ಜೊತೆ ಕೂಗುತ್ತಾನೆ. ಇಂಥವನು ಕೂಗಿದರೆ ದೇವರಿಗೆ ಕೇಳಿಯೇ ಕೇಳುತ್ತದೆ.

"ಐತಪ್ಪ," ಎಂದ. "ಇದ್ದಾರೆ."

"ಅಂದ್ರ?"

"ಅಪ್ಪ ಇದ್ದಾರೆ ರಾಯರೇ. ಗಟ್ಟಿಮುಟ್ಟಾಗಿ ಇದ್ದಾರೆ. ನನ್ನ ತಲೆಯಲ್ಲಿ ಹೊಟ್ಟು ಇತ್ತು. ಗಿರಾಕಿಗಳ ತಟ್ಟೆಗೆ ಬೀಳ್ತಿತ್ತು. ಅದಕ್ಕೆ ಬೋಳಿಸಿದ್ದು."

ಅವನು ಅಷ್ಟು ಗಟ್ಟಿಯಾಗಿ ಹೇಳಬೇಕೆಂದಿರಲಿಲ್ಲ. ಪಕ್ಕದ ಮೇಜಿನವನ ಲೋಟ ತುಟಿಯ ಹತ್ತಿರ ನಿಂತಿತು. ಇನ್ನೊಬ್ಬ ತನ್ನ ಉಪ್ಪಿಟ್ಟಿನೊಳಗೆ ಬಗ್ಗಿ ನೋಡಿದ. ಮೂಲೆಯಲ್ಲಿ ಯಾರೋ ಹೋ ಎಂದು ನಕ್ಕ.

"ಶೇಖರಾ!" ಎಂದರು ಮೋನಪ್ಪ. "ಒಳಗೆ ನಡಿ! ಮೋರಿಗೆ!"

ಶಿವಪುತ್ರಪ್ಪ ನಗಲಿಲ್ಲ, ಬೈಯಲೂ ಇಲ್ಲ. ಶೇಖರನನ್ನು ನೆತ್ತಿಯಿಂದ ಪಾದದ ತನಕ ನಿಧಾನವಾಗಿ ಒಮ್ಮೆ ನೋಡಿದ. ಆ ನೋಟವನ್ನು ಶೇಖರ ಚೆನ್ನಾಗಿ ಬಲ್ಲ. ಇಷ್ಟು ವರ್ಷ ಅದು ಅವನದೇ ಕಣ್ಣಲ್ಲಿ ವಾಸವಾಗಿತ್ತು. ಮುಖ ತಿರುಗಿಸದೆ ನಿಂತು ಅದನ್ನು ಕೊನೆಯ ತನಕ ತೆಗೆದುಕೊಂಡ.

ಆಮೇಲೆ ಮೇಜಿನ ಒದ್ದೆಯನ್ನು ಭುಜದ ಬಟ್ಟೆಯಿಂದ ಒರೆಸಿ, ಅದರ ಮೇಲೆ ಧೋತರವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿದ. ಕೆಂಪು ಅಂಚು ಮೇಲೆ ಬರುವಂತೆ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಶಿವಪುತ್ರಪ್ಪನ ಕಡೆಗೆ ಚಾಚಿದ.